ಮೈಕ್ ಮುಂದಿನ ಐದು ನಿಮಿಷ: ಸ್ಟ್ಯಾಂಡಪ್ ಬಗ್ಗೆ ನಾವು ನಂಬಿಕೊಂಡಿರುವ ಸುಳ್ಳುಗಳು

ಗೆಳೆಯರ ಗುಂಪು ಅಂದಮೇಲೆ ಅಲ್ಲೊಬ್ಬ ಇದ್ದೇ ಇರುತ್ತಾನೆ. ಅವನು ಬಾಯಿ ತೆರೆದರೆ ಸಾಕು, ಟೀ ಅಂಗಡಿ ಮುಂದೆ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ‘ನೀನ್ಯಾಕೆ ಸ್ಟ್ಯಾಂಡಪ್ ಮಾಡಬಾರದು ಮಾರಾಯ?’ ಅಂತ ಯಾರಾದರೂ ಅವನನ್ನು ಹುರಿದುಂಬಿಸುತ್ತಾರೆ. ಒಳ್ಳೆಯ ಮನಸ್ಸಿನ ಸಲಹೆಯೇ, ಆದರೆ ಅದರ ಹಿಂದಿರುವ ನಂಬಿಕೆ ತಪ್ಪು.

ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಮಾಲ್‌ಗಳಲ್ಲಿ, ಕ್ಯಾಂಪಸ್ಸಿನಲ್ಲಿ ಜನ ನಕ್ಕ ಸುಮಾರು 1,200 ಸಂದರ್ಭಗಳನ್ನು ಕದ್ದು ಕೇಳಿ ದಾಖಲಿಸಿದರು. ನಗುವಿಗೆ ಮುಂಚಿನ ಮಾತುಗಳಲ್ಲಿ ಜೋಕ್ ಅನ್ನಿಸಿಕೊಳ್ಳುವಂಥವು ಶೇ. 20ರಷ್ಟೂ ಇರಲಿಲ್ಲ. ಉಳಿದದ್ದೆಲ್ಲ ‘ಸರಿ, ಆಮೇಲೆ ಸಿಗ್ತೀನಿ’ ಥರದ ಸಾದಾ ಮಾತು. ಕೇಳುವವರಿಗಿಂತ ಮಾತಾಡುವವರೇ ಹೆಚ್ಚು ನಗುತ್ತಿದ್ದರು ಬೇರೆ! ಗೆಳೆಯರು ನಗುವುದು ಬಹುಮಟ್ಟಿಗೆ ಸಲುಗೆಗೆ, ಸೇರಿದ ಖುಷಿಗೆ. ಓಪನ್ ಮೈಕ್‌ನಲ್ಲಿ ಎದುರು ಕೂತವರಿಗೆ ನಿಮ್ಮ ಸಲುಗೆ ಇರುವುದಿಲ್ಲ. ನಿಮ್ಮ ಅಡ್ಡಹೆಸರು, ನಿಮ್ಮ ಮೇಷ್ಟ್ರು, ಗೋವಾ ಟ್ರಿಪ್ಪಿನ ಕಥೆ, ಯಾವುದೂ ಅವರಿಗೆ ಗೊತ್ತಿಲ್ಲ. ಅದನ್ನೆಲ್ಲ ಎರಡು ಸಾಲಿನಲ್ಲಿ ಕಟ್ಟಿಕೊಟ್ಟು ಮೂರನೆಯದರಲ್ಲಿ ನಗಿಸಬೇಕು. ಹರಟೆಯ ಚುರುಕು ಇಲ್ಲಿ ಬಂಡವಾಳದ ಒಂದು ಭಾಗ ಮಾತ್ರ.

ಇದಕ್ಕಿಂತ ಗಟ್ಟಿಯಾಗಿ ಬೇರೂರಿರುವ ಇನ್ನೊಂದು ನಂಬಿಕೆ: ಕಾಮಿಡಿಯನ್‌ಗೆ ವೇದಿಕೆಯ ಮೇಲೆ ಮಾತು ತಾನಾಗಿ ಹೊಳೆಯುತ್ತದೆ ಅನ್ನುವುದು. ಹಾಗೆ ಕಾಣಿಸುವುದೇ ಅವರ ಕಸುಬು. ಫಿಲ್ಲಿಸ್ ಡಿಲ್ಲರ್ ಎಂಬಾಕೆ 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಪರ್ಪಲ್ ಆನಿಯನ್’ ಕ್ಲಬ್ಬಿನಲ್ಲಿ ಮೊದಲ ಸಲ ಮೈಕ್ ಹಿಡಿದಾಗ ವಯಸ್ಸು 37, ಮನೆಯಲ್ಲಿ ಐದು ಮಕ್ಕಳು. (ಇದು ಹುಡುಗರ ಆಟ, ವಯಸ್ಸಾದಮೇಲೆ ಆಗದು ಎನ್ನುವವರಿಗೆ ಇಷ್ಟು ಉತ್ತರ ಸಾಕು.) ಬರೆದ ಜೋಕುಗಳನ್ನೆಲ್ಲ ಆಕೆ ಕಾರ್ಡುಗಳ ಮೇಲೆ ಟೈಪ್ ಮಾಡಿ, ವಿಷಯವಾರು ವಿಂಗಡಿಸಿ ಉಕ್ಕಿನ ಬೀರುವಿನ ಡ್ರಾಯರ್‌ಗಳಲ್ಲಿ ಇಡುತ್ತಿದ್ದರು. ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿರುವ ಆ ಬೀರುವಿನಲ್ಲಿ 50,000ಕ್ಕೂ ಹೆಚ್ಚು ಕಾರ್ಡುಗಳಿವೆ.

ಬರೆಯುವುದಕ್ಕಿಂತ ತಿದ್ದುವುದರಲ್ಲೇ ಹೆಚ್ಚು ಕೆಲಸ. ಒಂದು ಜೋಕನ್ನೇ ಬಿಚ್ಚಿ ನೋಡೋಣ. ಹೊಸಬ ಹೀಗೆ ಹೇಳುತ್ತಾನೆ: ‘ನಮ್ಮ ಓನರ್ ಅಂಕಲ್ ಯಾರು ಬೇಕಾದ್ರೂ ಬರಲಿ ಅಂತ ಹೇಳಿ, ಆಮೇಲೆ ದಿನಾ ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಬಂದವರನ್ನೆಲ್ಲ ನೋಡ್ತಾ ಕೂತಿರ್ತಾರೆ.’ ವಿಷಯ ಚೆನ್ನಾಗಿದೆ, ನಗು ಮಾತ್ರ ಬರುವುದಿಲ್ಲ. ನಗಿಸಬೇಕಾದ ಕುರ್ಚಿ ವಾಕ್ಯದ ನಡುವೆ ಹೂತುಹೋಗಿದೆ. ಅದು ಬಂದಮೇಲೂ ಮಾತು ಮುಗಿಯದ್ದರಿಂದ ನಗಬೇಕೆನ್ನುವವರೂ ಕಾಯುತ್ತಾರೆ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುವುದರಿಂದ ನಮ್ಮವರಿಗೆ ಈ ತೊಡಕು ಹೆಚ್ಚು. ನಾಲ್ಕಾರು ವೇದಿಕೆ ಕಂಡಮೇಲೆ ಅದೇ ಜೋಕು ಹೀಗಾಗುತ್ತದೆ: ‘“ಯಾರು ಬೇಕಾದ್ರೂ ಬರಲಿ ಕಣಪ್ಪ, ಕೇಳೋಕೆ ನಾನ್ಯಾರು?” ಅಂದ್ರು ಓನರ್ ಅಂಕಲ್. ಮಾರನೇ ದಿನ ಬೆಳಿಗ್ಗೆ ನೋಡ್ತೀನಿ, ಗೇಟ್ ಹತ್ರ ಒಂದು ಕುರ್ಚಿ.’ ಇಲ್ಲಿ ನಿಲ್ಲಿಸಬೇಕು. ನಗು ಇಳಿಯುವ ಹೊತ್ತಿಗೆ, ‘ಅದರ ಮಾರನೇ ದಿನ, ಕುರ್ಚಿ ಮೇಲೆ ರಿಜಿಸ್ಟರ್.’ ಮೊದಲನೆಯದು ಪಂಚ್, ಅದರ ಬೆನ್ನಿಗೆ ಬಿದ್ದದ್ದು ಟ್ಯಾಗ್. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಾವ ಗುರುವೂ ಹೇಳಿಕೊಡಲಾರ. ಪ್ರತಿ ಸಲವೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಗೆ ಬಂದು, ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಅಂತ ಕೇಳಿಸಿಕೊಳ್ಳುವುದರಿಂದ ಅದು ಕೈವಶವಾಗುತ್ತದೆ. ತನ್ನ ದನಿಯನ್ನು ತಾನೇ ಕೇಳುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಅದಕ್ಕೇ ಎಷ್ಟೋ ಜನ ಅದನ್ನು ಮಾಡುವುದಿಲ್ಲ, ಮುಂದೆಯೂ ಹೋಗುವುದಿಲ್ಲ.

‘ಹಾಗಾದರೆ ರೀಲ್ಸ್‌ನಲ್ಲಿ ಪ್ರೇಕ್ಷಕರ ಜೊತೆ ಮಾತಾಡಿಯೇ ನಗಿಸುತ್ತಾರಲ್ಲ?’ ಎನ್ನಬಹುದು. ಬರೆದ ಜೋಕು ಇಂಟರ್ನೆಟ್ಟಿಗೆ ಹೋದರೆ ಹಳತಾಯಿತು, ಟಿಕೆಟ್ ಕೊಂಡವನಿಗೆ ಅದನ್ನೇ ಮತ್ತೆ ಬಡಿಸಲಾಗದು. ಆದ್ದರಿಂದ ಬರೆದದ್ದನ್ನು ಬಚ್ಚಿಟ್ಟು, ಆ ಸಂಜೆಗಷ್ಟೇ ಸಲ್ಲುವ ‘ಕ್ರೌಡ್‌ವರ್ಕ್’ ತುಣುಕುಗಳನ್ನು ಹಾಕುತ್ತಾರೆ. ಅಲ್ಲೂ ‘ಏನ್ ಕೆಲಸ ಸರ್? ಮದುವೆ ಆಗಿ ಎಷ್ಟು ವರ್ಷ?’ ಎಂಬ ಪ್ರಶ್ನೆಗಳು ಸುಮ್ಮನೆ ಕೇಳಿದವಲ್ಲ. ಬರಬಹುದಾದ ಉತ್ತರಗಳಿಗೆಲ್ಲ ತಯಾರಿ ನಡೆದಿರುತ್ತದೆ. ಅಳಿದುಳಿದದ್ದಷ್ಟೇ ನಿಜವಾದ ಆಶುಮಾತು.

ಯಾರೂ ನಗದಿದ್ದರೆ? ಇಂಗ್ಲಿಷಿನವರು ಇದಕ್ಕೆ ‘ಬಾಂಬ್ ಆಗುವುದು’ ಅನ್ನುತ್ತಾರೆ. ಹಾಗಾದವನಿಗೆ ಪ್ರತಿಭೆ ಇಲ್ಲ ಎಂದು ಷರಾ ಬರೆಯುವ ಮುನ್ನ 2002ರ ‘ಕಾಮಿಡಿಯನ್’ ಸಾಕ್ಷ್ಯಚಿತ್ರ ನೋಡಿ. ಜಗತ್ಪ್ರಸಿದ್ಧನಾಗಿದ್ದ ಜೆರ್ರಿ ಸೈನ್‌ಫೆಲ್ಡ್ ಹಳೆಯ ಜೋಕುಗಳನ್ನೆಲ್ಲ ಕೈಬಿಟ್ಟು, ಹೊಸ ಸರಕು ಹೊತ್ತು ಸಣ್ಣ ಕ್ಲಬ್ಬುಗಳನ್ನು ಸುತ್ತುತ್ತಾನೆ; ಒಂದು ಕಡೆ ಮುಂದಿನ ಮಾತೇ ನೆನಪಾಗದೆ ನಿಲ್ಲುತ್ತಾನೆ. ಹೆಸರು ನೋಡಿ ಚಪ್ಪಾಳೆ ತಟ್ಟುವ ಜನ, ಸ್ವಲ್ಪ ಹೊತ್ತಿನ ಮೇಲೆ ಜೋಕು ಕೇಳುತ್ತಾರೆ. ಸ್ಟೀವ್ ಮಾರ್ಟಿನ್ 2007ರ ಆತ್ಮಕಥೆಯಲ್ಲಿ ತಮ್ಮ ಹದಿನೆಂಟು ವರ್ಷಗಳ ಸ್ಟ್ಯಾಂಡಪ್ ಬದುಕಿನ ಲೆಕ್ಕ ಕೊಟ್ಟಿದ್ದಾರೆ: ಹತ್ತು ವರ್ಷ ಕಲಿತದ್ದು, ನಾಲ್ಕು ತಿದ್ದಿದ್ದು, ನಾಲ್ಕೇ ಮೆರೆದದ್ದು.

ನಮ್ಮಲ್ಲಿ ಮಾತ್ರ ಕೇಳಿಬರುವ ಒಂದು ಮಾತಿದೆ: ‘ಇದರಲ್ಲೇನು ಹೊಸದು, ನಮ್ಮ ಹಾಸ್ಯ ಭಾಷಣವೇ ಅಲ್ಲವೇ?’ ಸಂಬಂಧಿಕರು ಹೌದು, ಒಂದೇ ಅಲ್ಲ. ಹಾಸ್ಯೋತ್ಸವದ ವೇದಿಕೆಯಲ್ಲಿ ಗಂಗಾವತಿ ಪ್ರಾಣೇಶರು ಬೀಚಿಯವರ ತಿಮ್ಮನನ್ನು ಹೆಸರು ಹೇಳಿಯೇ ಕರೆತರುತ್ತಾರೆ. ಊರಿನವರೆಲ್ಲ ಹಂಚಿಕೊಂಡ ನಗೆ ಅದು, ಹೇಳುವ ಸೊಗಸೇ ಅಲ್ಲಿ ಮುಖ್ಯ. ಬೆಂಗಳೂರಿನ ಕೆಫೆಯೊಂದರ ಓಪನ್ ಮೈಕ್‌ನಲ್ಲಿ ಬೇರೊಬ್ಬರ ಜೋಕು ಹೇಳಿದರೆ ಅದು ಕಳ್ಳತನ. ಸಿಗುವುದೂ ನಾಲ್ಕೈದು ನಿಮಿಷ. ಕೊನೆಯ ನಿಮಿಷಕ್ಕೆ ಹಿಂದಿನಿಂದ ಫೋನಿನ ಟಾರ್ಚ್ ಮಿನುಗಿದರೆ ಮುಗಿಸಬೇಕು. ಆದರೂ ಕನ್ನಡದ ಹೊಸ ಹುಡುಗ ಹುಡುಗಿಯರು ಹಾಸ್ಯ ಭಾಷಣಗಳನ್ನು ಕೇಳಿಸಿಕೊಳ್ಳದೆ ಇರುವುದು ನಷ್ಟವೇ ಅನ್ನುತ್ತೇನೆ. ಸಾವಿರ ಜನರ ಮೈದಾನದಲ್ಲಿ ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬ ಉಸಿರಿನ ಲೆಕ್ಕ ಅಲ್ಲಿ ಪುಕ್ಕಟೆ ಸಿಗುತ್ತದೆ.

ನೀವೂ ಹೆಸರು ಬರೆಸಬೇಕೆಂದಿದ್ದರೆ, ಮೊದಲು ಒಂದೆರಡು ಸಂಜೆ ಪ್ರೇಕ್ಷಕರಾಗಿ ಕೂತು, ನಗು ಬಾರದ ಜೋಕುಗಳನ್ನು ಗಮನಿಸಿ ಬನ್ನಿ. ಆಮೇಲೆ ಮೂರೇ ಮೂರು ನಿಮಿಷದ್ದನ್ನು ಬರೆದು, ಗಟ್ಟಿಯಾಗಿ ಓದಿ, ಅರ್ಧ ಹೊಡೆದುಹಾಕಿ. ಫೋನಿನ ರೆಕಾರ್ಡರ್ ಆನ್ ಮಾಡುವುದನ್ನು ಮಾತ್ರ ಮರೆಯಬೇಡಿ.