ವಜ್ರದುಂಗುರದ ಜೋಪಾನ

ಕಾಳಿದಾಸನ ಶಾಕುಂತಲ ನಾಟಕವನ್ನು ಓದಿದವರಿಗೆ ಉಂಗುರ ಕಳೆದುಹೋದ ಪ್ರಸಂಗ ನೆನಪಿದ್ದೇ ಇರುತ್ತದೆ. ದುಷ್ಯಂತನ ಹೆಸರು ಕೆತ್ತಿದ್ದ ಉಂಗುರವು ಶಚೀತೀರ್ಥದ ನೀರಿಗೆ ನಮಸ್ಕರಿಸುವಾಗ ಶಕುಂತಲೆಯ ಬೆರಳಿನಿಂದ ಜಾರಿತು. ಅವಳಿಗೆ ಅದು ತಿಳಿದುದು ರಾಜನೆದುರಿಗೆ ಬೆರಳು ಮುಟ್ಟಿ ನೋಡಿಕೊಂಡಾಗ. ಆದರೆ ಆ ಉಂಗುರಕ್ಕಾಗಿ ಪೆಟ್ಟು ತಿಂದವನು ಒಬ್ಬ ಬೆಸ್ತ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿತೆಂದು ಅವನು ಎಷ್ಟು ಹೇಳಿಕೊಂಡರೂ ಕಾವಲಿನವರು ಅವನನ್ನು ಕಳ್ಳನೆಂದೇ ಕಟ್ಟಿ ಎಳೆದು ತಂದರು. ಉಂಗುರ ಜಾರುವುದು ನೀರಿನಲ್ಲಿ. ಅಪವಾದ ಬೀಳುವುದು ಬಡವನ ಮೇಲೆ. ಈ ಎರಡು ಮಾತುಗಳೂ ಇಂದಿನ ಮನೆಗಳಿಗೆ ಹಾಗೆಯೇ ಹೊಂದುತ್ತವೆ.

ನಮ್ಮ ಹಿಂದಿನ ಮನೆಗಳಲ್ಲಿ ನಿಶ್ಚಿತಾರ್ಥವೆಂದರೆ ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಯಿಸುವುದು. ಈಗ ಅದರ ಜೊತೆಗೆ ಹುಡುಗ ಹುಡುಗಿ ಉಂಗುರ ತೊಡಿಸಿಕೊಳ್ಳುವುದೂ ಸೇರಿಕೊಂಡಿದೆ. ಅನುಕೂಲವಿದ್ದವರು ವಜ್ರದ ಹರಳಿನದನ್ನೇ ಮಾಡಿಸುತ್ತಾರೆ. ವಜ್ರ ನಮಗೆ ಹೊಸದಲ್ಲ. ವಜ್ರದ ಓಲೆ, ಮೂಗುಬೊಟ್ಟುಗಳನ್ನು ನಮ್ಮ ಹೆಂಗಸರು ತಲೆಮಾರುಗಳಿಂದ ತೊಟ್ಟವರೇ. ಆದರೆ ಕಿವಿ ಮೂಗುಗಳು ಪಾತ್ರೆ ತೊಳೆಯುವುದಿಲ್ಲ, ಹಿಟ್ಟು ಕಲಸುವುದಿಲ್ಲ. ಬೆರಳು ಎಲ್ಲವನ್ನೂ ಮಾಡುತ್ತದೆ. ಆದುದರಿಂದ ಬೆರಳಿನ ವಜ್ರಕ್ಕೆ ಬೇರೆಯೇ ಒಂದು ಎಚ್ಚರಿಕೆ ಬೇಕು.

ವಜ್ರವೆಂಬ ಶಬ್ದವೇ ನಮ್ಮನ್ನು ಸ್ವಲ್ಪ ಮೈಮರೆಸುತ್ತದೆ. ವಜ್ರಕಾಯ, ವಜ್ರಮುಷ್ಟಿ, ವಜ್ರಲೇಪ ಎಂದು ಗಟ್ಟಿಯಾದುದಕ್ಕೆಲ್ಲ ನಾವು ಅದರ ಹೆಸರನ್ನೇ ಇಟ್ಟಿದ್ದೇವೆ. ಜರ್ಮನ್ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ ೧೮೧೨ರಲ್ಲಿ ಖನಿಜಗಳ ಕಾಠಿನ್ಯಕ್ಕೆ ಒಂದು ಸಾಲು ಕಟ್ಟಿದಾಗ ಹತ್ತನೆಯ ಸ್ಥಾನ, ಎಂದರೆ ಕೊನೆಯ ಸ್ಥಾನ, ವಜ್ರಕ್ಕೇ ಸಂದಿತು. ಕೆಂಪು, ನೀಲಗಳು ಒಂಬತ್ತರಲ್ಲಿವೆ, ಬೆಣಚುಕಲ್ಲು ಏಳರಲ್ಲಿದೆ, ಚಿನ್ನ ಮೂರನ್ನೂ ಮುಟ್ಟುವುದು ಕಷ್ಟ. ಆದರೆ ಈ ಕಾಠಿನ್ಯವೆಂದರೆ ಗೀರಿಗೆ ಸಿಕ್ಕದಿರುವುದು ಮಾತ್ರ; ಪೆಟ್ಟಿಗೆ ಸಿಕ್ಕದಿರುವುದಲ್ಲ. ಮರಕ್ಕೆ ಎಳೆ ಇರುವಂತೆ ವಜ್ರದಲ್ಲಿಯೂ ನಾಲ್ಕು ದಿಕ್ಕುಗಳಲ್ಲಿ ಸೀಳುವ ಜಾಡು ಉಂಟು. ಹರಳು ಕೊರೆಯುವವರು ಈ ಜಾಡನ್ನು ಹಿಡಿದೇ ವಜ್ರವನ್ನು ಸೀಳುತ್ತಿದ್ದರು. ಅಡಿಗೆಮನೆಯ ಕಲ್ಲುಕಟ್ಟೆಗೆ ಅಂಚು ಬಲವಾಗಿ ತಾಗಿತೆಂದರೆ ವಜ್ರವೂ ಚಕ್ಕೆ ಏಳಬಹುದು.

ಆದರೂ ವಜ್ರ ಒಡೆದು ಕಳೆದುಕೊಂಡವರಿಗಿಂತ ಬಿದ್ದುಹೋಗಿ ಕಳೆದುಕೊಂಡವರೇ ಹೆಚ್ಚು. ಹರಳನ್ನು ಹಿಡಿದಿರುವುದು ನಾಲ್ಕೋ ಆರೋ ಸಣ್ಣ ಚಿನ್ನದ ಉಗುರುಗಳು. ಇಂಥ ಉಂಗುರಗಳನ್ನು ಬಹುಮಟ್ಟಿಗೆ ೧೮ ಕ್ಯಾರೆಟ್ ಚಿನ್ನದಲ್ಲಿ ಮಾಡುತ್ತಾರೆ. ಎಂದರೆ ನೂರರಲ್ಲಿ ೭೫ ಭಾಗ ಚಿನ್ನ, ಉಳಿದುದು ತಾಮ್ರ, ಬೆಳ್ಳಿ ಮೊದಲಾದುವು. ಈ ಉಗುರುಗಳು ವರ್ಷಗಟ್ಟಲೆ ಸವೆಯುತ್ತವೆ, ಸೀರೆಯ ನೂಲಿಗೆ, ಉಣ್ಣೆಗೆ ಸಿಕ್ಕಿ ಮೇಲೇಳುತ್ತವೆ. ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ತಟ್ಟಿ ನೋಡಿರಿ. ಟಿಕ್ ಟಿಕ್ ಎಂದು ಅಲುಗಿದ ಸದ್ದು ಕೇಳಿದರೆ, ಅಥವಾ ಉಗುರಿಗೆ ಬಟ್ಟೆಯ ಎಳೆ ಸಿಕ್ಕಿದರೆ, ಅದನ್ನು ಮತ್ತೆ ತೊಡದೆ ಅಕ್ಕಸಾಲಿಗನಿಗೆ ತೋರಿಸತಕ್ಕದ್ದು. ವರ್ಷಕ್ಕೊಮ್ಮೆ ಹೇಗೂ ತೋರಿಸುವುದು ಒಳ್ಳೆಯದು.

ಹಿಟ್ಟು ಕಲಸುವಾಗ, ಪಾತ್ರೆ ತಿಕ್ಕುವಾಗ, ಬಟ್ಟೆ ಒಗೆಯುವಾಗ, ಎಣ್ಣೆಸ್ನಾನಕ್ಕೆ ಹೋಗುವಾಗ, ಹಸುಗೂಸನ್ನು ಎರೆಯುವಾಗ ಉಂಗುರ ಕೈಯಲ್ಲಿರಬಾರದು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಸಾಬೂನಿನಿಂದ ಜಾರುತ್ತದೆ. ಕೆರೆ, ನದಿ, ಸಮುದ್ರಗಳಲ್ಲಿ ಮೀಯುವಾಗಲಂತೂ ತೊಡುವುದೇ ಬೇಡ. ನೆಲಕ್ಕೆ, ಬಚ್ಚಲಿಗೆ ಬಳಸುವ ಬ್ಲೀಚಿಂಗ್ ಪುಡಿಯ ಕ್ಲೋರಿನ್ ವಜ್ರಕ್ಕೆ ಏನೂ ಮಾಡದು. ಆದರೆ ಚಿನ್ನದೊಡನೆ ಬೆರೆತ ಇತರ ಲೋಹಗಳನ್ನು ಕಚ್ಚಿ ಉಗುರುಗಳನ್ನು ದುರ್ಬಲಗೊಳಿಸುತ್ತದೆ.

ಹಾಗಾದರೆ ತೆಗೆದುದನ್ನು ಎಲ್ಲಿಡಬೇಕು? ಮುಖ್ಯವಾದ ಪ್ರಶ್ನೆ ಇದೇ. ಕಿಟಕಿಯ ಮೇಲೆ, ಸಿಂಕಿನ ಅಂಚಿನಲ್ಲಿ, ಸೆರಗಿನ ತುದಿಯ ಗಂಟಿನಲ್ಲಿ, ಕಾಗದದ ಚೂರಿನಲ್ಲಿ ಇಟ್ಟದ್ದು ಕಳೆದಂತೆಯೇ ಸರಿ. ಮನೆಯಲ್ಲಿ ಒಂದು ಜಾಗ, ಒಂದೇ ಜಾಗ, ಗೊತ್ತುಮಾಡಿರಿ. ನೀರಿನಿಂದ ದೂರವಾದ ಬೀರುವಿನಲ್ಲಿ ಮುಚ್ಚಳವಿರುವ ಸಣ್ಣ ಕರಡಿಗೆಯಾದರೆ ಸಾಕು. ಉಂಗುರ ಇರಬೇಕಾದುದು ಬೆರಳಿನಲ್ಲಿ, ಇಲ್ಲವೇ ಕರಡಿಗೆಯಲ್ಲಿ, ಮೂರನೆಯ ಸ್ಥಳವಿಲ್ಲ. ಆ ಕರಡಿಗೆಯಲ್ಲಿ ಬೇರೆ ಒಡವೆ ಇಡಬೇಡಿರಿ. ಮುತ್ತು, ಕೆಂಪುಗಳನ್ನು, ಇನ್ನೊಂದು ವಜ್ರವನ್ನೂ ಕೂಡ, ವಜ್ರ ಗೀರಬಲ್ಲುದು.

ಶುಚಿಗೊಳಿಸುವ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ವಜ್ರಕ್ಕೆ ನೀರು ಹಿಡಿಯದು, ಜಿಡ್ಡು ಹಿಡಿಯುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಗಣಿಗಳಲ್ಲಿ ೧೯ನೆಯ ಶತಮಾನದ ಕೊನೆಯಲ್ಲಿ ಈ ಗುಣವನ್ನೇ ಉಪಯೋಗಿಸಿಕೊಂಡರು. ಜಿಡ್ಡು ಬಳಿದ ಹಲಗೆಯ ಮೇಲೆ ಪುಡಿಮಾಡಿದ ಕಲ್ಲನ್ನು ನೀರಿನೊಡನೆ ಹರಿಯಬಿಟ್ಟರೆ ಉಳಿದ ಕಲ್ಲೆಲ್ಲ ಕೊಚ್ಚಿಹೋಗಿ ವಜ್ರ ಅಂಟಿಕೊಳ್ಳುತ್ತಿತ್ತು. ನಮ್ಮ ಮನೆಯ ತುಪ್ಪ, ಕೊಬ್ಬರಿ ಎಣ್ಣೆಗಳೂ ಅದಕ್ಕೆ ಹಾಗೆಯೇ ಅಂಟುತ್ತವೆ. ಹರಳಿನ ಬೆನ್ನಿಗೆ ಜಿಡ್ಡು ಕಟ್ಟಿದರೆ ಹೊಳಪು ಮಂಕಾಗುತ್ತದೆ. ಒಂದು ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು, ಒಂದೆರಡು ತೊಟ್ಟು ಸೌಮ್ಯವಾದ ಪಾತ್ರೆಯ ಸಾಬೂನು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟೇ ಸಾಕು. ಕಾಲು ಗಂಟೆ ನೆನೆಸಿ, ಹಿಂಬದಿಯಿಂದ ಮೆಲ್ಲನೆ ಉಜ್ಜಿ, ಇನ್ನೊಂದು ಬಟ್ಟಲಿನ ನೀರಿನಲ್ಲಿ ಜಾಲಿಸಿರಿ. ತೆರೆದ ನಲ್ಲಿಯ ಕೆಳಗೆ ಜಾಲಿಸಬಾರದು. ಹಲ್ಲುಪುಡಿ, ಬೂದಿ, ಇಟ್ಟಿಗೆಪುಡಿಗಳಿಂದ ವಜ್ರ ಸವೆಯದು, ಆದರೆ ಚಿನ್ನ ಸವೆಯುತ್ತದೆ.

ಇಷ್ಟಾದರೂ ಒಂದು ದಿನ ಉಂಗುರ ಕಾಣದಾಯಿತೆನ್ನಿ. ಮೊದಲು ನಲ್ಲಿಯನ್ನು ನಿಲ್ಲಿಸಿರಿ. ಆ ದಿನದ ಕಸವನ್ನು ಹೊರಗೆ ಹಾಕಬೇಡಿರಿ. ಸಿಂಕಿನ ಕೆಳಗಿನ ಪೈಪಿನ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಭಾರವಾದ ಉಂಗುರ ಅನೇಕ ವೇಳೆ ಅಲ್ಲಿಯೇ ತಂಗಿರುತ್ತದೆ. ಕೆಳಗೆ ಬಕೆಟ್ಟು ಇಟ್ಟು ಆ ಭಾಗವನ್ನು ಬಿಚ್ಚಿ ನೋಡಿರಿ. ಕೋಣೆಯ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ಬೆಳಕು ಹರಿಸಿದರೆ ಮೂಲೆಯಲ್ಲಿರುವ ಹರಳು ಮಿಂಚುತ್ತದೆ. ಕಲಸಿಟ್ಟ ಹಿಟ್ಟು, ಒಗೆಯಲು ಹಾಕಿದ ಬಟ್ಟೆ, ಹಾಸಿಗೆಯ ಮಡಿಕೆ, ಕೈಚೀಲದ ಒಳಗುಸುಗಳನ್ನು ಒಂದೊಂದಾಗಿ ಹುಡುಕಿರಿ. ಇವೆಲ್ಲ ಮುಗಿಯುವವರೆಗೆ ಯಾರ ಹೆಸರನ್ನೂ ಬಾಯಿಗೆ ತರಬೇಡಿರಿ. ಉಂಗುರ ಸಂಜೆಗೆ ಸಿಕ್ಕೀತು. ಬೆಳಿಗ್ಗೆ ಮನೆಗೆಲಸದಾಕೆಯನ್ನು ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಅವಳು ನಾಲ್ಕು ಮನೆಗಳಲ್ಲಿ ದುಡಿದು ಬದುಕುವವಳಾದರೆ ಆ ಒಂದು ಮಾತಿನಿಂದ ನಾಲ್ಕು ಮನೆಗಳ ಬಾಗಿಲೂ ಮುಚ್ಚಬಹುದು.

ಕಾಗದಪತ್ರಗಳ ಮಾತು ಇಷ್ಟು. ಅಂಗಡಿಯ ರಸೀದಿ, ಹರಳಿನ ಪ್ರಮಾಣಪತ್ರ, ಉಂಗುರದ ಛಾಯಾಚಿತ್ರ, ಈ ಮೂರನ್ನೂ ಉಂಗುರವಿರುವ ಜಾಗದಲ್ಲಿಡದೆ ಬೇರೆ ಕಡೆ ಇಡಿರಿ. ಬ್ಯಾಂಕಿನ ಲಾಕರು ಒಳ್ಳೆಯದೇ. ಆದರೆ ೨೦೨೨ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ ೨,೦೦೦ ರೂಪಾಯಿಯಾದರೆ ಎರಡು ಲಕ್ಷವಾಯಿತು. ಬೆಲೆ ಅದಕ್ಕೆ ಮೀರಿದ್ದರೆ ವಿಮೆಯನ್ನು ವಿಚಾರಿಸಬೇಕು.

ಆದರೆ ನಿತ್ಯ ತೊಡುವ ಉಂಗುರಕ್ಕೆ ಲಾಕರು ಉತ್ತರವಲ್ಲ. ಅದನ್ನು ಕಾಯಬೇಕಾದುದು ತೊಟ್ಟವರ ರೂಢಿಯೇ. ತೆಗೆದ ಕೂಡಲೇ ಕರಡಿಗೆಗೆ, ಕೈ ಒರೆಸಿಕೊಂಡ ಮೇಲೆ ಬೆರಳಿಗೆ: ಹೊಸದಾಗಿ ಉಂಗುರ ತೊಟ್ಟ ಮಗಳಿಗೋ ಸೊಸೆಗೋ ಮೊದಲ ವಾರವೇ ಇದನ್ನು ಹೇಳಿಕೊಟ್ಟು, ಕರಡಿಗೆಯನ್ನೂ ಕೈಗಿತ್ತರೆ, ಉಂಗುರದ ಜೊತೆಗೆ ಮನೆಯ ನೆಮ್ಮದಿಯೂ ಉಳಿಯುತ್ತದೆ.