ಟ್ಯಾಗ್ ಹಚ್ಚೋದೋ, ಕಸ್ಟಮ್ ಫೀಲ್ಡ್ ತುಂಬೋದೋ?

ಕಳೆದ ವರ್ಷ ನಮ್ಮ ಎಂಟನೇ ತರಗತಿಯ ಮಕ್ಕಳು ಶಾಲೆಯ ಹಿತ್ತಿಲು, ಮನೆಯ ತೋಟ, ದಾರಿಬದಿ ಎಲ್ಲ ಸುತ್ತಿ ಮರಗಳನ್ನು ಅಳೆದರು. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಜಾಲತಾಣದಲ್ಲಿ ಒಂದೊಂದು ಮರಕ್ಕೆ ಒಂದೊಂದು ಪುಟ. ಫೋಟೋ ಚೆಂದ, ಬರಹವೂ ಚೆಂದ. ಆಮೇಲೆ ಒಬ್ಬಳು ಕೇಳಿದಳು, "ಸಾರ್, ಎಲ್ಲಕ್ಕಿಂತ ದಪ್ಪದ ಹಲಸಿನ ಮರ ಯಾವುದು?" ಮಾಹಿತಿ ಎಲ್ಲ ಅಲ್ಲೇ ಇತ್ತು, ಉತ್ತರ ಮಾತ್ರ ಸಿಗಲಿಲ್ಲ. ತಪ್ಪು ಮಕ್ಕಳದ್ದಲ್ಲ. ಗೊತ್ತಿರುವುದನ್ನೆಲ್ಲ ಟ್ಯಾಗ್ ಆಗಿ ಹಾಕಿ ಅಂತ ಹೇಳಿದವನು ನಾನೇ.

ಟ್ಯಾಗ್ ಅಂದರೆ ಡಬ್ಬಿಗೆ ಅಂಟಿಸುವ ಚೀಟಿ ಇದ್ದ ಹಾಗೆ. ಒಂದು ಪುಟಕ್ಕೆ ಎಷ್ಟು ಚೀಟಿ ಬೇಕಾದರೂ ಹಚ್ಚಬಹುದು. ಒಂದೇ ಚೀಟಿ ಇರುವ ಪುಟಗಳನ್ನೆಲ್ಲ ವರ್ಡ್‌ಪ್ರೆಸ್ ತಾನಾಗಿಯೇ ಒಂದು ಕಡೆ ಸೇರಿಸಿ ಪಟ್ಟಿ ಮಾಡಿ ಕೊಡುತ್ತದೆ. 'ಹಲಸು' ಎಂಬ ಟ್ಯಾಗ್ ಒತ್ತಿದರೆ ಹಲಸಿನ ಮರಗಳೆಲ್ಲ ಬರಬೇಕು. ನಮ್ಮಲ್ಲಿ ಬರಲಿಲ್ಲ. ಏಕೆಂದರೆ ಕನ್ನಡ ಮನೆಯವರು 'ಹಲಸು' ಅಂತ ಹಾಕಿದ್ದರು, ತುಳು ಮನೆಯವರು 'ಪೆಲಕಾಯಿ', ಮಲಯಾಳಂ ಮಾತಾಡುವವರು 'ಚಕ್ಕ', ಇನ್ನೊಬ್ಬ 'ಪ್ಲಾವ್'. ನಮ್ಮ ಕಾಸರಗೋಡಿನಲ್ಲಿ ಇದೆಲ್ಲ ಒಂದೇ ಎಂದು ಸಣ್ಣ ಮಗುವಿಗೂ ಗೊತ್ತು. ಕಂಪ್ಯೂಟರಿಗೆ ಇವು ನಾಲ್ಕು ಬೇರೆ ಬೇರೆ ಚೀಟಿಗಳು!

ಇನ್ನು ಕಸ್ಟಮ್ ಫೀಲ್ಡ್. ಪ್ರವೇಶದ ಅರ್ಜಿ ನೆನಪು ಮಾಡಿಕೊಳ್ಳಿ. ಹೆಸರು, ಹುಟ್ಟಿದ ದಿನಾಂಕ, ಎತ್ತರ: ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಫೀಲ್ಡೂ ಹಾಗೆಯೇ ಜೋಡಿ. 'ಸುತ್ತಳತೆ' ಅದರ ಹೆಸರು, '240' ಅದರ ಬೆಲೆ. ನಮ್ಮ ಮಕ್ಕಳು '240 ಸೆ.ಮೀ.' ಎಂದು ಟ್ಯಾಗ್ ಹಚ್ಚಿದ್ದರು. ಅದು ಸುತ್ತಳತೆಯೋ, ಎತ್ತರವೋ, ನೆರಳಿನ ಉದ್ದವೋ ಚೀಟಿ ನೋಡಿ ಹೇಳುವುದು ಹೇಗೆ? ಮೇಲಾಗಿ ಆ ಚೀಟಿ ಇರುವ ಮರ ಒಂದೇ ಒಂದು. ಒಂದೇ ಮರವಿರುವ ಗುಂಪು ಕಟ್ಟಿ ಏನು ಪ್ರಯೋಜನ?

ಹಾಗಾಗಿ ಈಗ ನಾನು ಕೇಳುವ ಪ್ರಶ್ನೆ ಇಷ್ಟೇ: ಇದು ಹಲವರಿಗೆ ಸಮಾನವಾದ ಗುಣವೋ, ಈ ಒಂದರದ್ದೇ ಅಳತೆಯೋ? ಮರದ ಜಾತಿ, 'ಹಕ್ಕಿ ತಿನ್ನುವ ಹಣ್ಣು', 'ಎಲೆ ಉದುರಿಸುವ ಮರ' ಇವು ಟ್ಯಾಗ್. ಒಂದೇ ಕಾಗುಣಿತ ಮೊದಲೇ ನಿಶ್ಚಯವಾಗಿರಬೇಕು. ಸುತ್ತಳತೆ, ಅಳೆದ ದಿನಾಂಕ, ತುಳು ಹೆಸರು, ಮಲಯಾಳಂ ಹೆಸರು ಇವು ಫೀಲ್ಡ್.

ಫೀಲ್ಡಿಗೆ ಹಾಕಿದ ಮೇಲೂ ಒಮ್ಮೆ ಎಡವಿದೆವು. ದಪ್ಪದ ಮರ ಮೇಲೆ ಬರುವಂತೆ ಜೋಡಿಸಿದರೆ 95 ಸೆ.ಮೀ.ನ ಎಳೆಯ ಮರ ಮೊದಲು, ಆಮೇಲೆ 240, ಕೊನೆಗೆ 110! ವರ್ಡ್‌ಪ್ರೆಸ್ ಫೀಲ್ಡಿನ ಬೆಲೆಯನ್ನು ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಶಬ್ದಕೋಶದಲ್ಲಿ ಮೊದಲ ಅಕ್ಷರ ನೋಡಿದ ಹಾಗೆ ಅದು 9, 2, 1 ಎಂದು ನೋಡಿತು. ಜೋಡಿಸುವಾಗ 'ಇದು ಸಂಖ್ಯೆ' ಎಂದು ಬೇರೆಯಾಗಿ ಹೇಳಬೇಕು. ಒಬ್ಬರು ಮೀಟರ್, ಇನ್ನೊಬ್ಬರು ಸೆಂಟಿಮೀಟರ್ ಬರೆದರೂ ಕೆಟ್ಟಿತು. ನಾವೀಗ ಫೀಲ್ಡಿನ ಹೆಸರನ್ನೇ 'ಸುತ್ತಳತೆ ಸೆ.ಮೀ.' ಎಂದು ಮಾಡಿ, ಒಳಗೆ ಬರೀ ಅಂಕಿ ಬರೆಯುತ್ತೇವೆ. ಅಳೆಯುವುದೂ ಎಲ್ಲ ಕಡೆ ನೆಲದಿಂದ 1.37 ಮೀಟರ್ ಎತ್ತರದಲ್ಲೇ.

ಫೀಲ್ಡಿನಲ್ಲಿ ತುಂಬಿದ್ದು ಪುಟದಲ್ಲಿ ತಾನಾಗಿ ಕಾಣಿಸುವುದಿಲ್ಲ, ಕಾಣುವಂತೆ ವಿನ್ಯಾಸದಲ್ಲಿ ಸೇರಿಸಬೇಕು. ಆ ಕೆಲಸ ಹತ್ತನೆಯವರು ಮಾಡಿಕೊಟ್ಟರು.

ಅಂದ ಹಾಗೆ, ಅತಿ ದಪ್ಪದ ಹಲಸು ಆ 240ರದ್ದೇ. ಶಾಲೆಯ ಅಡುಗೆ ಕೋಣೆಯ ಹಿಂದೆ ಇದೆ, ದಿನಾ ಅದರಡಿಯಲ್ಲೇ ನಾವು ಕೈ ತೊಳೆಯೋದು.