ಚೆನ್ನೈ ನಲ್ಲಿಯಲ್ಲಿ ರಾಜಾದಿತ್ಯನ ಕೆರೆ

ಚೆನ್ನೈನಲ್ಲಿ ಬಾಡಿಗೆ ಮನೆ ಹುಡುಕುವವರ ಮೊದಲ ಪ್ರಶ್ನೆ, ‘ಮೆಟ್ರೋ ವಾಟರ್ ಬರುತ್ತದೆಯೇ?’ ಆ ನೀರಿನ ಒಂದು ಪಾಲು ಸುಮಾರು 235 ಕಿ.ಮೀ. ದೂರದಿಂದ, ಕಡಲೂರು ಜಿಲ್ಲೆಯ ವೀರಾಣಂ ಕೆರೆಯಿಂದ ಬರುತ್ತದೆ. ಸಾವಿರ ವರ್ಷ ಹಿಂದೆ ಗದ್ದೆಗಳಿಗಾಗಿ ಕಟ್ಟಿದ ಕೆರೆ ಅದು.

ಕಟ್ಟಿಸಿದವನು ಚೋಳ ದೊರೆ ಮೊದಲನೆಯ ಪರಾಂತಕನ ಮಗ ರಾಜಾದಿತ್ಯ ಎಂಬುದು ಪ್ರತೀತಿ. ರಾಷ್ಟ್ರಕೂಟರ ದಾಳಿ ತಡೆಯಲು ಬೀಡುಬಿಟ್ಟಿದ್ದ ಸೈನಿಕರೇ ಬಿಡುವಿನಲ್ಲಿ ಮಣ್ಣು ಹೊತ್ತರಂತೆ. ಪರಾಂತಕನ ಬಿರುದು ವೀರನಾರಾಯಣ. ‘ವೀರನಾರಾಯಣ ಏರಿ’ ಜನರ ಬಾಯಲ್ಲಿ ಸವೆದು ವೀರಾಣಂ ಆಯಿತು. ನಮಗೆ ಏರಿ ಎಂದರೆ ಕೆರೆಯ ದಂಡೆ, ತಮಿಳರಿಗೆ ಕೆರೆಯೇ ಏರಿ. ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಕಾದಂಬರಿ ಶುರುವಾಗುವುದೂ ಇದೇ ದಂಡೆಯ ಮೇಲೆ.

ಯುದ್ಧ ಕೊನೆಗೂ ಬಂತು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಡೆ ಚೋಳರನ್ನು ಸೋಲಿಸಿತು. ಆನೆಯ ಮೇಲಿದ್ದ ರಾಜಾದಿತ್ಯ ಅಲ್ಲೇ ಮಡಿದ. ಕೊಂದವನು ನಮ್ಮ ಗಂಗರ ಇಮ್ಮಡಿ ಬೂತುಗ. ಇದನ್ನು ಹೇಳುವುದು ಮಂಡ್ಯ ಜಿಲ್ಲೆಯ ಆತಕೂರಿನ ಕನ್ನಡ ಶಾಸನ. ಆದರೆ ಆ ಕಲ್ಲು ನೆಟ್ಟಿದ್ದು ರಾಜರಿಗಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಬೂತುಗನ ಸೇವಕ ಮಣಲೆರ ಯುದ್ಧದ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯೊಂದಿಗೆ ಸೆಣಸಿ ಎರಡೂ ಸತ್ತವು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆರೆಯ ಕಥೆಯ ಅರ್ಧ ಅಲ್ಲಿದೆ ಎಂದು ನೋಡುವವರಲ್ಲಿ ಎಷ್ಟು ಜನಕ್ಕೆ ಹೊಳೆಯುತ್ತದೋ.

ಕಟ್ಟಿಸಿದವನು ಹೋದ, ಕೆರೆ ಉಳಿಯಿತು. ಕಾವೇರಿಯ ಕವಲಾದ ಕೊಳ್ಳಿಡಂಗೆ ಅಡ್ಡಲಾಗಿ 19ನೇ ಶತಮಾನದಲ್ಲಿ ಕಟ್ಟಿದ ಕೆಳ ಅಣೆಕಟ್ಟಿನಿಂದ ವಡವಾರು ಕಾಲುವೆ ಇದಕ್ಕೆ ನೀರು ತರುತ್ತದೆ. ದಂಡೆಯ ತೂಬುಗಳಿಂದ ಅದು ಭತ್ತದ ಗದ್ದೆಗಳಿಗೆ ಹರಿಯುತ್ತದೆ. ಇದರಲ್ಲಿ ಹಿಡಿಯುವುದು ಒಂದೂವರೆ ಟಿಎಂಸಿ ಅಡಿಗಿಂತ ತುಸು ಕಡಿಮೆ. ಕೆಆರ್‌ಎಸ್‌ನ 49 ಟಿಎಂಸಿ ಅಡಿಯ ಮುಂದೆ ಅದೆಷ್ಟು! ಹೂಳು ತುಂಬಿದಷ್ಟೂ ಆ ಲೆಕ್ಕವೂ ಇಳಿಯುತ್ತದೆ.

ಇಷ್ಟರಲ್ಲೇ 2004ರಿಂದ ಚೆನ್ನೈಗೂ ಪಾಲು. ಕೊಳವೆ ಹಾಕಿದ್ದು ದಿನಕ್ಕೆ 18 ಕೋಟಿ ಲೀಟರ್ ಒಯ್ಯಲೆಂದು. ಮೆಟ್ಟೂರು ಬರಿದಾದ ವರ್ಷ, ಉಳಿದ ನೀರು ಮೊದಲು ಯಾರಿಗೆ ಎಂದು ಸುತ್ತಲಿನ ರೈತರು ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಕೊಡಗಿನಲ್ಲಿ ಮಳೆ ಕಡಿಮೆಯಾದರೆ ಮಂಡ್ಯದ ರೈತರು ಕೇಳುವುದೂ ಇದನ್ನೇ. ಟಿವಿ ಚರ್ಚೆಗಳಲ್ಲಿ ಮಾತ್ರ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತಾರೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ಮಂಡ್ಯದಲ್ಲಿ ಬಂದ್ ನಡೆಯಿತು. 2024ರ ಬೇಸಿಗೆಯ ಹೊತ್ತಿಗೆ ವೀರಾಣಂ ಒಣಗಿ, ಅಲ್ಲಿಂದ ಚೆನ್ನೈಗೆ ನೀರೆತ್ತುವುದು ನಿಂತಿತು. ಅದೇ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು.